ಗೇಣುದ್ದದ ಮಿಗ್-21: ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸುವ ಬಗೆ

ಭಾರತೀಯ ವಾಯುಪಡೆಯು ಮಿಗ್-21 ವಿಮಾನವನ್ನು 1963ರಲ್ಲಿ ಸೇವೆಗೆ ಸೇರಿಸಿಕೊಂಡಿತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ವಿದಾಯ ಹೇಳಿತು. ಆ ವಿದಾಯದ ಚಿತ್ರಗಳನ್ನು ನೋಡಿದ ಮೇಲೆ ಧಾರವಾಡ, ಹುಬ್ಬಳ್ಳಿಯ ಪರಿಚಿತರಲ್ಲಿ ಕೆಲವರು, ಶಾಲೆಗೆ ಹೋಗುವ ಹುಡುಗರಿಂದ ಹಿಡಿದು ನೌಕರಿಯಿಂದ ನಿವೃತ್ತರಾದವರವರೆಗೆ, ಈ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಮನೆಯಲ್ಲಿ ಜೋಡಿಸುವುದು ಹೇಗೆಂದು ಕೇಳತೊಡಗಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ.

ಮಾದರಿ ಎಂದರೆ ಬಣ್ಣದ ಕೆಲಸ ಎಂಬುದು ಬಹುತೇಕರ ಎಣಿಕೆ. ಮಿಗ್-21ರ ಮಟ್ಟಿಗೆ ಅದು ಸಂದಿನ ಕೆಲಸ. ಈ ವಿಮಾನದ ಒಡಲು ಒಂದು ನೀಳವಾದ ಕೊಳವೆ. ಪೆಟ್ಟಿಗೆಯಲ್ಲಿ ಅದು ಎಡ ಮತ್ತು ಬಲ ಎಂಬ ಎರಡು ಹೋಳುಗಳಾಗಿ ಬರುತ್ತದೆ. ಹೋಳುಗಳನ್ನು ಕೂಡಿಸಿದಾಗ ಬೆನ್ನಿನುದ್ದಕ್ಕೂ ಹೊಟ್ಟೆಯುದ್ದಕ್ಕೂ ಒಂದೊಂದು ಗೆರೆ ಉಳಿಯುತ್ತದೆ. 1960ರ ದಶಕದ ನಮ್ಮ ಮಿಗ್‌ಗಳು ಬಣ್ಣವಿಲ್ಲದ ಲೋಹದ ಮೈಯಲ್ಲಿಯೇ ಹಾರುತ್ತಿದ್ದವು. ಹಸಿರು ಅಥವಾ ಬೂದು ಬಣ್ಣ ಮುಚ್ಚಿಡುವ ಗೆರೆಯನ್ನು ಬೆಳ್ಳಿಯ ಬಣ್ಣ ಎತ್ತಿ ತೋರಿಸುತ್ತದೆ. ಆದ್ದರಿಂದ ಒಟ್ಟು ಕೆಲಸದ ಅರ್ಧಕ್ಕಿಂತ ಹೆಚ್ಚು ಹೊತ್ತು ಬಣ್ಣದ ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಕಳೆದುಹೋಗಬೇಕು.

ಯಾವ ಮಿಗ್, ಯಾವ ಅಳತೆ

ಮಿಗ್-21 ಎಂಬ ಒಂದೇ ಹೆಸರಿನಡಿ ಹಲವು ವಿಮಾನಗಳಿವೆ. ನಮ್ಮ ವಾಯುಪಡೆ ಅವನ್ನು ಟೈಪ್ ಸಂಖ್ಯೆಗಳಿಂದ ಕರೆಯುತ್ತಿತ್ತು: ಮೊದಲು ಬಂದ ಎಫ್-13 ಟೈಪ್ 74, ನಾಸಿಕದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾದ ಎಫ್‌ಎಲ್ ಟೈಪ್ 77, ಮುಂದೆ ಬಂದ ಬಿಸ್ ಟೈಪ್ 75. ನಾನು ಇಲ್ಲಿ ಆರಿಸಿಕೊಂಡಿರುವುದು ಎಫ್‌ಎಲ್. 1971ರ ಡಿಸೆಂಬರ್ 12ರಂದು ಜಾಮನಗರದ ಕಡೆ ಪಾಕಿಸ್ತಾನದ ಎಫ್-104 ವಿಮಾನವನ್ನು ಹೊಡೆದು ಕೆಡವಿದ್ದು ಇದೇ ಮಾದರಿ. ಎರಡು ದಿನಗಳ ನಂತರ ಢಾಕಾದ ಗವರ್ನರ್ ಭವನದ ಮೇಲೆ 57 ಮಿಲಿಮೀಟರ್ ರಾಕೆಟ್ಟುಗಳನ್ನು ಹಾರಿಸಿದ್ದೂ ಇದೇ. 2013ರ ಡಿಸೆಂಬರಿನಲ್ಲಿ ಕಲೈಕುಂಡಾದಲ್ಲಿ ಇದು ನಿವೃತ್ತಿ ಹೊಂದಿತು.

ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಮೇಲೆ ಎಫ್‌ಎಲ್ ಎಂದೇ ಬರೆದಿರಬೇಕೆಂದಿಲ್ಲ. ಎಫ್‌ಎಲ್ ಎಂಬುದು ಸೋವಿಯತ್ ಪಿಎಫ್ ಮಾದರಿಯಿಂದ ಹುಟ್ಟಿದ್ದರಿಂದ ಪಿಎಫ್ ಪೆಟ್ಟಿಗೆಯೂ ನಡೆಯುತ್ತದೆ. ಆದರೆ ಕೊಳ್ಳುವ ಮೊದಲು ಪೆಟ್ಟಿಗೆಯ ಬದಿಯ ಚಿತ್ರದಲ್ಲಿ ಮೂರು ಅಂಶಗಳನ್ನು ನೋಡಿಕೊಳ್ಳಬೇಕು. ಕ್ಯಾನೊಪಿ, ಅಂದರೆ ಚಾಲಕನ ತಲೆಯ ಮೇಲಿನ ಗಾಜಿನ ಮುಚ್ಚಳ, ಮುಂಗಾಜು ಸಮೇತ ಒಂದೇ ತುಂಡಾಗಿ ಮುಂದಕ್ಕೆ ತೆರೆಯುವಂಥದ್ದಾಗಿರಬೇಕು. ಬಾಲದ ನಿಂತ ರೆಕ್ಕೆ ಅಗಲವಾಗಿದ್ದು ಅದರ ಬುಡದಲ್ಲಿ ಬ್ರೇಕ್ ಪ್ಯಾರಾಚೂಟಿನ ಕೊಳವೆ ಇರಬೇಕು. ಬೆನ್ನು ತೆಳುವಾಗಿರಬೇಕು, ಬಿಸ್ ಮಾದರಿಯಂತೆ ಉಬ್ಬಿದ ಬೆನ್ನಿದ್ದರೆ ಅದು ಎಫ್‌ಎಲ್ ಆಗಲಾರದು. ಕ್ಯಾನೊಪಿ ಪಕ್ಕಕ್ಕೆ ತೆರೆಯುತ್ತಿದ್ದರೆ ಅದು ಮುಂದಿನ ಕಾಲದ ಮಿಗ್. ಸುಮ್ಮನೆ ಕೆಳಗಿಡುವುದು ಒಳ್ಳೆಯದು. ಚೆಕ್ ದೇಶದ ಎಡ್ವರ್ಡ್ ಕಂಪನಿಯ 1/48 ಅಳತೆಯ, ಅಂದರೆ ನಿಜವಾದ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲಿನಷ್ಟಿರುವ, ಮಿಗ್‌ಗಳು ಬಹಳ ಅಚ್ಚುಕಟ್ಟಾದವು, ಬೆಲೆಯೂ ಹಾಗೆಯೇ ಇರುತ್ತದೆ. ರಷ್ಯಾದ ಝ್ವೆಜ್ದಾ ಕಂಪನಿಯ 1/72 ಮಿಗ್ ಅಗ್ಗ. ಅದು ಬಿಸ್ ಮಾದರಿ, ಕೈ ಕುದುರಿಸಿಕೊಳ್ಳಲು ಉತ್ತಮ.

ನಿಜವಾದ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್. 1/48ರಲ್ಲಿ ಅದು ಸುಮಾರು 15 ಸೆಂಟಿಮೀಟರ್, 1/72ರಲ್ಲಿ 10 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಮೂಗಿನ ಮೇಲಿನ ಸೂಜಿಯಂತಹ ಕೊಳವೆಯನ್ನೂ ಹಿಡಿದರೆ 1/72ರ ಮಾದರಿ ಒಂದು ಗೇಣಿನೊಳಗೆ ಮುಗಿಯುತ್ತದೆ. ಮೊದಲ ಸಲ ಕೈಹಾಕುವವರಿಗೆ ನಾನು 1/72 ಅನ್ನೇ ಹೇಳುತ್ತೇನೆ. ತಪ್ಪು ಸಣ್ಣದಾಗುತ್ತದೆ ಎಂಬ ಭ್ರಮೆಯಿಂದಲ್ಲ. ತಿದ್ದಬೇಕಾದ ಸಂದಿನ ಉದ್ದ ಕಡಿಮೆಯಾಗುತ್ತದೆ ಎಂಬ ಕಾರಣದಿಂದ.

ಊರಿನಲ್ಲಿಯೇ ಸಿಗುವ ಸಾಮಾನು

ಮಾದರಿಯ ಪೆಟ್ಟಿಗೆ, ತೆಳು ಅಂಟು, ಲೋಹದ ಬಣ್ಣ, ಈ ಮೂರನ್ನು ಆನ್‌ಲೈನಿನಲ್ಲಿ ತರಿಸಿಕೊಂಡರೆ ಉಳಿದ ಬಹುತೇಕ ಸಾಮಾನು ಹುಬ್ಬಳ್ಳಿಯಲ್ಲಿಯೇ ಸಿಗುತ್ತದೆ, ಅದೂ ಹವ್ಯಾಸದ ಅಂಗಡಿಯ ಹೆಸರಿಲ್ಲದ ಅಂಗಡಿಗಳಲ್ಲಿ. ವಿದ್ಯಾನಗರದ ದೊಡ್ಡ ಸರ್ಕಾರಿ ಆಸ್ಪತ್ರೆಯ ಸುತ್ತಲಿನ ಔಷಧದ ಅಂಗಡಿಗಳಲ್ಲಿ 3ನೇ ನಂಬರಿನ ಸ್ಕಾಲ್ಪೆಲ್ ಹಿಡಿಕೆಯನ್ನೂ 11ನೇ ನಂಬರಿನ ಬ್ಲೇಡುಗಳನ್ನೂ ಕೇಳಬೇಕು. ಹವ್ಯಾಸಿಗಳಿಗೆಂದು ಮಾರುವ ಚಾಕುಗಳಿಗಿಂತ ಅವು ಹರಿತ ಮತ್ತು ಅಗ್ಗ. 24 ಗೇಜಿನ ಒಂದು ಸೂಜಿ, ಇನ್ಸುಲಿನ್ ಚುಚ್ಚುವ ಒಂದು ಸೂಜಿ, ಕಿವಿಗೆ ಹಾಕುವ ಹತ್ತಿಕಡ್ಡಿಗಳು, ಇವನ್ನೂ ಅಲ್ಲಿಯೇ ತರಬಹುದು. ದುರ್ಗದಬೈಲಿನ ಸುತ್ತಮುತ್ತ ಅಕ್ಕಸಾಲಿಗರಿಗೆ ಉಪಕರಣ ಮಾರುವವರ ಹತ್ತಿರ ಚೂಪು ಮೂತಿಯ ಚಿಮಟ ಮತ್ತು ಸಣ್ಣ ಅರಗಳ ಕಟ್ಟು ಸಿಗುತ್ತದೆ.

ಗಾಡಿಗಳಿಗೆ ಬಣ್ಣ ಮಾರುವ ಅಂಗಡಿಯಲ್ಲಿ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ಕಾಗದ, ಕೊಳ್ಳಬೇಕು: 400, 600, 1000 ಮತ್ತು 2000 ನಂಬರಿನವು ಎರಡೆರಡು ಹಾಳೆ ಸಾಕು. ಎನ್‌ಸಿ ಪುಟ್ಟಿಯೂ, ಅಂದರೆ ಸಂದಿ ತುಂಬುವ ಮೆತ್ತಿಗೆಯೂ, ಅಲ್ಲಿಯೇ ಸಿಗುತ್ತದೆ. ಆದರೆ ಗಾಡಿಗೆ ಬಳಿಯುವ ಬೆಳ್ಳಿ ಬಣ್ಣವನ್ನು ಅಲ್ಲಿ ಎಷ್ಟೇ ಒತ್ತಾಯ ಮಾಡಿದರೂ ಕೊಳ್ಳಬಾರದು. ಅದರಲ್ಲಿರುವ ಲೋಹದ ಚೂರುಗಳು ಬಂಪರಿನ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಗೇಣುದ್ದದ ವಿಮಾನದ ಮೇಲೆ ಮಾತ್ರ ಮದುವೆಯ ಕಾಗದಕ್ಕೆ ಅಂಟಿಸಿದ ಜರಿಪುಡಿಯಂತೆ ಕಾಣುತ್ತವೆ. ಟೈರಿನ ಅಂಗಡಿಯಲ್ಲಿ ಗಾಲಿಯ ತೂಕ ಸರಿಹೊಂದಿಸಲು ಅಂಟಿಸುವ 5 ಗ್ರಾಂ ಬಿಲ್ಲೆಗಳಿರುತ್ತವೆ. ಎರಡು ಕೇಳಿ ತರಬೇಕು. ಬಿಡಿಭಾಗಗಳನ್ನು ಇಡಲು ಫೇಡೆಯ ಖಾಲಿ ಪೆಟ್ಟಿಗೆ ಧಾರವಾಡದ ಯಾವ ಮನೆಯಲ್ಲಿಯೂ ಇದ್ದೇ ಇರುತ್ತದೆ. ಒಳಗಿನ ಸಕ್ಕರೆಯ ಪುಡಿಯನ್ನು ಪೂರ್ತಿ ಒರೆಸಿ ತೆಗೆಯದಿದ್ದರೆ ಇರುವೆಗಳೂ ಕೆಲಸಕ್ಕೆ ಕೂಡಿಕೊಳ್ಳುತ್ತವೆ.

ಕತ್ತರಿಸುವುದು, ತೂಕವಿಡುವುದು

ಪೆಟ್ಟಿಗೆ ತೆರೆದ ಕೂಡಲೇ ಬಿಡಿಭಾಗಗಳ ಚೌಕಟ್ಟುಗಳನ್ನು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಚೌಕಟ್ಟಿನಿಂದ ಎಂದೂ ಕೈಯಿಂದ ಮುರಿಯಬಾರದು. ಮೊದಲು ಭಾಗದಿಂದ ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ತೆಳುವಾಗಿ ಹೆರೆದು, ಕೊನೆಗೆ 600ರ ಕಾಗದದಿಂದ ಉಜ್ಜಬೇಕು. ಒಂದು ಸಲಕ್ಕೆ ಒಂದು ಹಂತಕ್ಕೆ ಬೇಕಾದಷ್ಟನ್ನೇ ಬಿಡಿಸಬೇಕು. ನಂಬರು ಇರುವುದು ಚೌಕಟ್ಟಿನ ಮೇಲೆ, ಭಾಗದ ಮೇಲಲ್ಲ.

ಕಾಕ್‌ಪಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1/72ರಲ್ಲಿ ಕ್ಯಾನೊಪಿಯನ್ನು ಮುಚ್ಚಿಯೇ ಅಂಟಿಸುವುದಾದರೆ ಆಸನ, ಅದರ ಮೇಲೆ ಟೇಪಿನ ಸಣ್ಣ ಪಟ್ಟಿಗಳಿಂದ ಮಾಡಿದ ಬೆಲ್ಟು, ಕಪ್ಪು ಉಪಕರಣ ಫಲಕ, ಇಷ್ಟು ಕಂಡರೆ ಬಹಳ. ಈ ಪುಟ್ಟ ಗೂಡಿನಲ್ಲಿ ಎರಡು ವಾರ ಕಳೆದು, ಆಮೇಲೆ ಬೆನ್ನಿನ ಸಂದನ್ನು ಒಂದೇ ಸಂಜೆಯಲ್ಲಿ ಮುಗಿಸಿದವರನ್ನು ನಾನು ನೋಡಿದ್ದೇನೆ. ಅವರ ಮಾದರಿಯಲ್ಲಿ ನೋಡುವವರ ಕಣ್ಣು ಕಾಕ್‌ಪಿಟ್ಟಿನ ತನಕ ಹೋಗುವುದೇ ಇಲ್ಲ.

ಒಡಲನ್ನು ಮುಚ್ಚುವ ಮೊದಲು ಮರೆಯಬಾರದ ಕೆಲಸ ಮೂಗಿನ ತೂಕ. ಮಿಗ್-21ರ ಹಿಂಗಾಲಿಗಳು ರೆಕ್ಕೆಗಳ ಅಡಿಯಲ್ಲಿ, ಒಡಲಿನ ಉದ್ದದ ನಡುಭಾಗದಲ್ಲಿದ್ದು, ಅಲ್ಲಿಂದ ಹಿಂದಕ್ಕೆ ಬಾಲದ ಭಾರ ಹೆಚ್ಚು. ಹಾಗೆಯೇ ಬಿಟ್ಟರೆ ಮಾದರಿ ಮೂಗು ಮೇಲೆತ್ತಿ ಬಾಲದ ಮೇಲೆ ಕೂರುತ್ತದೆ. ಮೂಗಿನ ಗಾಳಿಬಾಯಿಯ ನಡುವೆ ಚಾಚಿಕೊಂಡಿರುವ ಶಂಕುವಿನ ಒಳಗೆ ಟೊಳ್ಳು ಇರುತ್ತದೆ. ತೂಕವಿಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಗಾಲಿಗಳಿಂದ ಅದೇ ಅತಿ ದೂರ. ಟೈರಿನಂಗಡಿಯ ಬಿಲ್ಲೆಯನ್ನು ಕತ್ತರಿಸಿ ಶಂಕುವಿನಲ್ಲಿ ತುಂಬಿ, ಉಳಿದುದನ್ನು ಕಾಕ್‌ಪಿಟ್ಟಿನ ಕೆಳಗೆ ಅಂಟಿಸಬೇಕು. ಎಷ್ಟು ಬೇಕೆಂಬುದನ್ನು ಊಹಿಸಬೇಕಿಲ್ಲ. ಒಡಲಿನ ಹೋಳುಗಳನ್ನೂ ರೆಕ್ಕೆ ಬಾಲಗಳನ್ನೂ ಟೇಪಿನಿಂದ ಕಟ್ಟಿ, ಹಿಂಗಾಲಿ ಬರುವ ಗೆರೆಯಲ್ಲಿ ಒಂದು ಪೆನ್ಸಿಲ್ಲಿನ ಮೇಲೆ ಅಡ್ಡಲಾಗಿ ಇಟ್ಟರೆ ಮೂಗು ತಾನಾಗಿ ಕೆಳಗಿಳಿಯಬೇಕು. ತೂಗಿ ತೂಗಿ ನಿಂತರೆ ಇನ್ನೂ ಒಂದೆರಡು ಗ್ರಾಂ ಸೇರಿಸಬೇಕು. ಬಿಲ್ಲೆ ಸೀಸದ್ದಾಗಿದ್ದರೆ ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮಕ್ಕಳ ಕೈಗೆ ಕೊಡಬಾರದು.

ಗೆರೆ ಮಾಯವಾಗುವ ತನಕ

ತೆಳು ಅಂಟು ಎಂದು ಕರೆಯುವುದು ನಿಜವಾಗಿ ಅಂಟಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸುವ ದ್ರಾವಣ. ಇದನ್ನು ನೋಡಬೇಕೆಂದರೆ ಥರ್ಮೋಕೋಲಿನ ಒಂದು ಚೂರಿನ ಮೇಲೆ ಒಂದು ಹನಿ ಬಿಡಬೇಕು. ಥರ್ಮೋಕೋಲು ಕೂಡ ಅದೇ ಪಾಲಿಸ್ಟೈರೀನ್ ಆದ್ದರಿಂದ ಕ್ಷಣದಲ್ಲಿ ಕುಸಿದು ಗುಂಡಿ ಬೀಳುತ್ತದೆ. ಮಾದರಿಯ ಅಂಚುಗಳಲ್ಲಿಯೂ ನಡೆಯುವುದು ಇದೇ, ನಿಧಾನವಾಗಿ. ಎರಡೂ ಅಂಚುಗಳು ಕರಗಿ, ಒಂದರೊಳಗೊಂದು ಬೆರೆತು, ದ್ರಾವಣ ಆರಿದ ಮೇಲೆ ಒಂದೇ ಪ್ಲಾಸ್ಟಿಕ್ಕಾಗುತ್ತವೆ. ಕೆಲಸ ಮಾಡುವಾಗ ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ದೀಪ, ಊದುಬತ್ತಿ ಇರಬಾರದು.

ಒಡಲಿನ ಹೋಳುಗಳನ್ನು ಮೊದಲು ಒಣದಾಗಿಯೇ ಕೂಡಿಸಿ ನೋಡಬೇಕು. ಒಳಗಿನ ಕಾಕ್‌ಪಿಟ್ ತೊಟ್ಟಿ ಅಥವಾ ಹಿಂದಿನ ಬೆಂಕಿಗೊಳವೆ ತುಸು ದೊಡ್ಡದಾಗಿ ಹೋಳುಗಳು ಬಾಯಿ ಬಿಡುತ್ತಿದ್ದರೆ, ಅಂಟಿನ ಬಲದಿಂದ ಮುಚ್ಚಲು ಹೋಗದೆ ಒಳಗಿನದನ್ನು ಉಜ್ಜಿ ಸಣ್ಣದು ಮಾಡಬೇಕು. ಗೆರೆ ಕೂಡಿತೆಂದು ಖಾತ್ರಿಯಾದ ಮೇಲೆ ಎರಡು ಅಂಗುಲದಷ್ಟು ಉದ್ದಕ್ಕೆ ಮಾತ್ರ ದ್ರಾವಣದ ಕುಂಚವನ್ನು ಸಂದಿಗೆ ತಾಗಿಸಬೇಕು. ದ್ರವವು ತಾನೇ ಸಂದಿನೊಳಗೆ ಓಡುತ್ತದೆ. ಹತ್ತಿಪ್ಪತ್ತು ಎಣಿಸಿ, ಎರಡೂ ಹೋಳುಗಳನ್ನು ಬೆರಳುಗಳಿಂದ ಒತ್ತಬೇಕು. ಆಗ ಗೆರೆಯುದ್ದಕ್ಕೂ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏರಿಯೊಂದು, ಹೊಲದ ಬದುವಿನಂತೆ, ಹೊರಗೆ ಉಕ್ಕಿ ಬರುತ್ತದೆ. ಅದು ಬಂದರೆ ಕೆಲಸ ಸರಿಯಾಗಿದೆ; ಬಾರದಿದ್ದರೆ ಅಲ್ಲಿ ಮುಂದೆ ಬಿರುಕು ಕಾಣುವುದು ಖಂಡಿತ. ಒತ್ತುವ ಬೆರಳು ಗೆರೆಯ ಮೇಲೆ ಇರಬಾರದು. ದ್ರಾವಣ ಬೆರಳಿನಡಿಗೆ ಹರಿದರೆ ವಿಮಾನದ ಬೆನ್ನ ಮೇಲೆ ನಮ್ಮ ಹೆಬ್ಬೆಟ್ಟಿನ ಗುರುತು ನೋಂದಣಿ ಕಚೇರಿಯ ಕಾಗದದಲ್ಲಿರುವಷ್ಟೇ ಸ್ಪಷ್ಟವಾಗಿ ಮೂಡುತ್ತದೆ.

ಮುಂದಿನ ಮಾತನ್ನು ನಾನು ನಷ್ಟಪಟ್ಟು ಕಲಿತೆ. ನನ್ನ ಮೊದಲ ಮಿಗ್‌ನ ಒಡಲನ್ನು ಜುಲೈ ತಿಂಗಳ ಒಂದು ರವಿವಾರ ಅಂಟಿಸಿ, ಮರುದಿನ ಸಂಜೆಯೇ ಏರಿಯನ್ನು ಉಜ್ಜಿ ಸಮ ಮಾಡಿದ್ದೆ. ಉಗುರು ಎಳೆದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಆ ವಾರಾಂತ್ಯದಲ್ಲಿ ಬೆಳ್ಳಿಯ ಬಣ್ಣವೂ ಬಿತ್ತು. ಮಾಳಮಡ್ಡಿಯ ಮನೆಯ ಕಪಾಟಿನಲ್ಲಿ ಎರಡು ವಾರ ನಿಂತ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ಬೆನ್ನಿನುದ್ದಕ್ಕೂ ಎಳೆದಂತೆ ಒಂದು ತಗ್ಗು ಗೆರೆ. ಕರಗಿದ ಪ್ಲಾಸ್ಟಿಕ್ಕಿನಲ್ಲಿ ಸಿಕ್ಕಿಕೊಂಡ ದ್ರಾವಣ ಪೂರ್ತಿ ಹಾರಿಹೋಗಲು ದಿನಗಟ್ಟಲೆ ಬೇಕು. ಅದು ಹಾರಿದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ. ನಾನು ಸಮ ಮಾಡಿದ್ದು ಉಬ್ಬಿದ ಮೈಯನ್ನು. ಅದು ಕುಗ್ಗಿದಾಗ ಸಮವಾಗಿದ್ದದ್ದು ತಗ್ಗಾಯಿತು. ಅಂದಿನಿಂದ ಒಡಲನ್ನು ಕೂಡಿಸಿದ ದಿನಾಂಕವನ್ನು ಟೇಪಿನ ಮೇಲೆ ಬರೆದು ಹೊಟ್ಟೆಗೆ ಅಂಟಿಸುತ್ತೇನೆ. ಒಂದು ವಾರದ ಒಳಗೆ ಅದನ್ನು ಕಾಗದಕ್ಕೆ ತಾಗಿಸುವುದಿಲ್ಲ. ಕಾಯುವ ಆ ವಾರದಲ್ಲಿ ಕ್ಷಿಪಣಿ, ಇಂಧನದ ಟ್ಯಾಂಕು, ಗಾಲಿಗಳನ್ನು ಸಿದ್ಧಮಾಡಿಕೊಂಡರೆ ಕೈಗೆ ಕೆಲಸವೂ ಇರುತ್ತದೆ.

ವಾರದ ನಂತರ ಏರಿಯನ್ನು ಮೊದಲು ಬ್ಲೇಡನ್ನು ಲಂಬವಾಗಿ ಹಿಡಿದು ಹೆರೆದು, 400ರ ಕಾಗದದಿಂದ ಆರಂಭಿಸಿ 1000ದ ತನಕ ನೀರು ಹಚ್ಚಿ ಉಜ್ಜಬೇಕು. ಕಾಗದವನ್ನು ಗಟ್ಟಿ ಕಟ್ಟಿಗೆಗೆ ಸುತ್ತಿ ಉಜ್ಜಿದರೆ ದುಂಡನೆಯ ಬೆನ್ನು ಚಪ್ಪಟೆಯಾಗುತ್ತದೆ. ಮೆತ್ತನೆಯ ರಬ್ಬರಿನ ತುಂಡಿಗೆ ಸುತ್ತಿ, ಕೊಳವೆಯ ದುಂಡಿಗೆ ಅಡ್ಡಲಾಗಿ ಉಜ್ಜಬೇಕು. ಎಲ್ಲಾದರೂ ಸಂದಿ ಉಳಿದಿದ್ದರೆ ಎನ್‌ಸಿ ಪುಟ್ಟಿಯನ್ನು ಹಲ್ಲುಕಡ್ಡಿಯಿಂದ ತೆಳುವಾಗಿ ತುಂಬಬೇಕು. ದಪ್ಪವಾಗಿ ತುಂಬಿದರೆ ಅದರ ಥಿನ್ನರು ಕೆಳಗಿನ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ, ಪುಟ್ಟಿಯೂ ಕುಗ್ಗುತ್ತದೆ. ನಾನು ಹೆಚ್ಚಾಗಿ ಬಳಸುವುದು ಬೇರೆ: ಅದೇ ಪೆಟ್ಟಿಗೆಯ ಖಾಲಿ ಚೌಕಟ್ಟನ್ನು ಸಣ್ಣಗೆ ಕತ್ತರಿಸಿ ಅಂಟಿನ ಹಳೆಯ ಶೀಷೆಯಲ್ಲಿ ಹಾಕಿಟ್ಟರೆ ಒಂದು ರಾತ್ರಿಯಲ್ಲಿ ಜೇನಿನ ಹದಕ್ಕೆ ಕರಗುತ್ತದೆ. ಇದನ್ನು ಸಂದಿಗೆ ತುಂಬಿದರೆ ಆರಿದ ಮೇಲೆ ಸುತ್ತಲಿನಷ್ಟೇ ಗಟ್ಟಿಯಾಗಿ, ಅದರಂತೆಯೇ ಉಜ್ಜಿಸಿಕೊಳ್ಳುತ್ತದೆ. ಬೆಳ್ಳಿಯಡಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ. ಇದಕ್ಕೂ ಒಂದು ವಾರದ ಕಾಯುವಿಕೆ ತಪ್ಪಿದ್ದಲ್ಲ.

ಗೆರೆ ಹೋಯಿತೇ ಎಂಬುದಕ್ಕೆ ಕಣ್ಣಿನ ಸಾಕ್ಷಿಯನ್ನು ನಂಬಬಾರದು, ಏಕೆಂದರೆ ಉಜ್ಜಿದ ಪ್ಲಾಸ್ಟಿಕ್ ಮಂದವಾಗಿದ್ದು ಎಲ್ಲವನ್ನೂ ಅಡಗಿಸುತ್ತದೆ. ಸಂದಿನ ಮೇಲೆ ಯಾವುದಾದರೂ ಬೆಳ್ಳಿ ಬಣ್ಣವನ್ನು ಕುಂಚದಿಂದ ಒಂದು ಪಟ್ಟಿ ಬಳಿದು, ಟ್ಯೂಬ್‌ಲೈಟಿನ ಕೆಳಗೆ ಒಡಲನ್ನು ನಿಧಾನವಾಗಿ ಹೊರಳಿಸಬೇಕು. ಬೆನ್ನಿನ ಮೇಲೆ ಟ್ಯೂಬಿನ ಪ್ರತಿಬಿಂಬ ಉದ್ದವಾದ ಬಿಳಿ ಕಡ್ಡಿಯಂತೆ ಬೀಳುತ್ತದೆ. ಆ ಕಡ್ಡಿ ಸಂದನ್ನು ದಾಟುವಾಗ ಎಲ್ಲಿ ಮುರಿಯುತ್ತದೆಯೋ ಅಲ್ಲಿ ತಗ್ಗಿದೆ, ಎಲ್ಲಿ ಹಿಗ್ಗುತ್ತದೆಯೋ ಅಲ್ಲಿ ಮೈ ಚಪ್ಪಟೆಯಾಗಿದೆ. ಪೆನ್ಸಿಲ್ಲಿನಿಂದ ಗುರುತು ಮಾಡಿ, ತುಂಬಿ, ಕಾದು, ಮತ್ತೆ ಉಜ್ಜಬೇಕು. ನನ್ನ ಎರಡನೆಯ ಮಿಗ್ ಈ ಪರೀಕ್ಷೆಯಲ್ಲಿ ನಾಲ್ಕು ಸಲ ಅನುತ್ತೀರ್ಣವಾಯಿತು. ಉಜ್ಜುವಾಗ ಅಳಿಸಿಹೋದ ತಗಡಿನ ಗೆರೆಗಳನ್ನು, ಅಂದರೆ ವಿಮಾನದ ತಗಡುಗಳು ಕೂಡುವ ಕಡೆ ಕೆತ್ತಿರುವ ಗೆರೆಗಳನ್ನು, ದಪ್ಪನೆಯ ಟೇಪನ್ನು ಅಂಚುಪಟ್ಟಿಯಾಗಿಟ್ಟುಕೊಂಡು ಸೂಜಿಯ ತುದಿಯಿಂದ ಹಗುರವಾಗಿ ಮರಳಿ ಕೆತ್ತಬಹುದು.

ರೆಕ್ಕೆಗಳನ್ನು ಕೂಡಿಸುವಾಗ ನೆನಪಿಡಬೇಕಾದ ಸಂಗತಿ ಒಂದೇ: ಮಿಗ್-21ರ ರೆಕ್ಕೆಗಳು ನೇರವಾಗಿರದೆ ತುದಿಯ ಕಡೆಗೆ 2 ಡಿಗ್ರಿ ಬಾಗಿವೆ. 1/72ರಲ್ಲಿ ತುದಿ ಬುಡಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ತಗ್ಗಿರಬೇಕು. ಎರಡು ಕಡೆ ಒಂದೇ ಎತ್ತರದ ಪುಸ್ತಕಗಳನ್ನು ಒಟ್ಟಿ, ನಡುವೆ ಒಡಲನ್ನಿಟ್ಟು, ಎರಡೂ ತುದಿಗಳು ಪುಸ್ತಕಕ್ಕೆ ಸಮವಾಗಿ ತಾಗುವಂತೆ ಮಾಡಿ ಇಡೀ ರಾತ್ರಿ ಬಿಟ್ಟರೆ ಆಯಿತು. ಹಿಂದಿನಿಂದ ನೋಡಿದಾಗ ಬಾಲದ ನಿಂತ ರೆಕ್ಕೆ ನೆಟ್ಟಗಿರುವುದೇ ಎಂದು ಬಾಗಿಲ ಚೌಕಟ್ಟಿನ ಗೆರೆಗೆ ಹಿಡಿದು ನೋಡಿಕೊಳ್ಳಬೇಕು.

ಕ್ಯಾನೊಪಿಗೆ ತೆಳು ಅಂಟೂ ಬೇಡ, ತಕ್ಷಣ ಹಿಡಿಯುವ ಸೈನೊ ಅಂಟೂ ಬೇಡ. ಸೈನೊ ಅಂಟಿನ ಆವಿ ಮುಚ್ಚಿದ ಗೂಡಿನಲ್ಲಿ ಸುತ್ತಾಡಿ ಗಾಜಿನ ಒಳಮೈಗೆ ಬಿಳಿ ಮಂಜು ಕವಿಸುತ್ತದೆ. ಮುಚ್ಚಿದ ಮೇಲೆ ಒಳಗಿನಿಂದ ಒರೆಸಲು ದಾರಿಯಿಲ್ಲ. ಮರಕ್ಕೆ ಹಚ್ಚುವ ಬಿಳಿ ಫೆವಿಕಾಲನ್ನು ಹಲ್ಲುಕಡ್ಡಿಯಿಂದ ಅಂಚಿಗೆ ಸವರಿದರೆ ಸಾಕು. ಆರಿದ ಮೇಲೆ ಅದು ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಹತ್ತಿಕಡ್ಡಿಯಿಂದ ತೆಗೆಯಬಹುದು. ಗಾಜಿನ ಭಾಗಗಳನ್ನು ಟೇಪಿನಿಂದ ಮರೆಮಾಡಿ ಚೌಕಟ್ಟುಗಳನ್ನಷ್ಟೇ ಬಣ್ಣಕ್ಕೆ ಬಿಡಬೇಕು. ಗಾಡಿಯಂಗಡಿಯ ಮಾಸ್ಕಿಂಗ್ ಟೇಪಿಗೆ ಅಂಟು ಜಾಸ್ತಿ. ಅದನ್ನು ಮೊದಲು ಅಂಗೈಗೆ ಎರಡು ಮೂರು ಸಲ ಅಂಟಿಸಿ ಕಿತ್ತು ಬಲ ಕುಂದಿಸಿಕೊಳ್ಳಬೇಕು.

ಬೆಳ್ಳಿಯ ಮೈ

ಲೋಹದ ಬಣ್ಣವನ್ನು ಯಾವ ತಿಂಗಳಲ್ಲಿ ಹೊಡೆಯುತ್ತೇವೆ ಎಂಬುದು ಧಾರವಾಡದಲ್ಲಿ ನಿಜಕ್ಕೂ ದೊಡ್ಡ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರಿನ ತನಕ ಜಿಟಿಜಿಟಿ ಮಳೆಯ ದಿನಗಳಲ್ಲಿ ಲ್ಯಾಕರ್ ಜಾತಿಯ ಬಣ್ಣ ಸಿಂಪಡಿಸಿದರೆ, ಥಿನ್ನರು ವೇಗವಾಗಿ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ತೇವವನ್ನು ಎಳೆದುಕೊಂಡು, ಹೊಳಪಿನ ಜಾಗದಲ್ಲಿ ಮಜ್ಜಿಗೆಯಂತಹ ಬಿಳಿ ಛಾಯೆ ಕೂರುತ್ತದೆ. ಹುಬ್ಬಳ್ಳಿಯ ಏಪ್ರಿಲ್, ಮೇ ತಿಂಗಳಲ್ಲಿ ತೊಂದರೆ ಬೇರೆ ಬಗೆಯದು: ಬಣ್ಣ ಗಾಳಿಯಲ್ಲಿಯೇ ಆರಿ ಮೈಮೇಲೆ ರವೆಯಂತೆ ಬೀಳುತ್ತದೆ, ಜೊತೆಗೆ ಎರೆಮಣ್ಣಿನ ಧೂಳು. ಜೋಡಣೆಯನ್ನು ಮಳೆಗಾಲದಲ್ಲಿ ಮುಗಿಸಿಕೊಂಡು, ಬಣ್ಣವನ್ನು ದೀಪಾವಳಿಯಿಂದ ಶಿವರಾತ್ರಿಯ ನಡುವಿನ ಒಣ ದಿನಗಳಿಗೆ, ಬಿಸಿಲೇರಿದ ಹನ್ನೊಂದು ಗಂಟೆಯ ಮೇಲೆ ಇಟ್ಟುಕೊಳ್ಳುವುದು ನನ್ನ ರೂಢಿ. ಸಂದಿನ ದ್ರಾವಣ ಆರಲು ತಾನಾಗಿಯೇ ತಿಂಗಳುಗಟ್ಟಲೆ ಸಮಯ ಸಿಗುತ್ತದೆ ಎಂಬುದು ಇದರ ಇನ್ನೊಂದು ಲಾಭ. ನೆಲಕ್ಕೆ ನೀರು ಚಿಮುಕಿಸಿ ಒರೆಸಿದ ಕೋಣೆಯಲ್ಲಿ, ಫ್ಯಾನು ನಿಲ್ಲಿಸಿ, ಕಿಟಕಿ ತೆರೆದು, ಮುಖಕ್ಕೆ ಆವಿ ತಡೆಯುವ ಮಾಸ್ಕು ಕಟ್ಟಿಕೊಂಡು ಕೆಲಸ ಮಾಡಬೇಕು.

ಮೊದಲು ಬೂದು ಪ್ರೈಮರಿನ ತೆಳು ಪದರ, ಅದರ ಮೇಲೆ ಹೊಳೆಯುವ ಕಪ್ಪು. ಬೆಳ್ಳಿಯ ಹೊಳಪು ಹುಟ್ಟುವುದು ಈ ಕಪ್ಪಿನಿಂದ. ಕಪ್ಪು ಕನ್ನಡಿಯಂತಿದ್ದರೆ ಮೇಲೆ ಬೀಳುವ ಅಲ್ಯುಮಿನಿಯಂ ಲೋಹದಂತೆ ಕಾಣುತ್ತದೆ, ಕಪ್ಪು ದೊರಗಾಗಿದ್ದರೆ ಬೂದಿಯಂತೆ ಕಾಣುತ್ತದೆ. ಕಪ್ಪು ಪದರ ಒಂದು ಹಗಲು ಒಂದು ರಾತ್ರಿ ಪೂರ್ತಿ ಆರಿದ ಮೇಲೆ 2000ದ ಕಾಗದದಿಂದ ನೀರಿನಲ್ಲಿ ಹಗುರವಾಗಿ ತೀಡಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.3 ಮಿಲಿಮೀಟರ್ ಮೂತಿಯ ಏರ್‌ಬ್ರಶ್ಶಿನಿಂದ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ಅಲ್ಯುಮಿನಿಯಂ ಬಣ್ಣವನ್ನು ಮಂಜು ಬಿದ್ದಂತೆ ಹಲವು ತೆಳು ಸಲಗಳಲ್ಲಿ ಹಾಕಬೇಕು. ಕಪ್ಪು ಮುಚ್ಚಿದ ಕೂಡಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಹಾಕಿದ ಪ್ರತಿ ಹನಿಯೂ ಹೊಳಪನ್ನು ಕುಂದಿಸುತ್ತದೆ. ನಿಜವಾದ ವಿಮಾನದ ತಗಡುಗಳು ಒಂದೇ ಬಣ್ಣದವಲ್ಲ. ಬಾಲದ ತುದಿಯಲ್ಲಿ ಎಂಜಿನ್ನಿನ ಕಾವು ತಾಗುವ ಭಾಗ ಕಂದಿರುತ್ತದೆ. ಅಲ್ಲಿ ಮತ್ತು ರೆಕ್ಕೆಯ ಒಂದೆರಡು ತಗಡುಗಳಿಗೆ ಟೇಪು ಕಟ್ಟಿ ತುಸು ಗಾಢವಾದ ಲೋಹದ ಬಣ್ಣ ಕೊಟ್ಟರೆ ಸಾಕು. ಹೆಚ್ಚು ಮಾಡಿದರೆ ಕೌದಿಯಾಗುತ್ತದೆ.

ಏರ್‌ಬ್ರಶ್ಶು ಇಲ್ಲದವರು ನಿರಾಶರಾಗಬೇಕಿಲ್ಲ. ಅವರು 1971ರ ವಿಮಾನವನ್ನು ಮಾಡಬಹುದು. ಯುದ್ಧದ ಹೊತ್ತಿಗೆ ಹೊಳೆಯುವ ಮಿಗ್‌ಗಳ ಮೇಲೆ ಸ್ಕ್ವಾಡ್ರನ್ನುಗಳಲ್ಲಿಯೇ ತರಾತುರಿಯಲ್ಲಿ ಹಸಿರು ಬಳಿಯಲಾಗಿತ್ತು. ಆ ರೂಪಕ್ಕೆ ಕುಂಚದ ಗೆರೆ ದೋಷವಲ್ಲ, ಗುಣ. ಆಕ್ರಿಲಿಕ್ ಹಸಿರನ್ನು ತೆಳುಮಾಡಿ ಎರಡು ಸಲ ಬಳಿದು, ರೆಕ್ಕೆಯ ಅಂಚುಗಳಲ್ಲಿ ಅಲ್ಲಲ್ಲಿ ಕೆಳಗಿನ ಬೆಳ್ಳಿ ಇಣುಕಲು ಬಿಡಬಹುದು. ಆಯುಧವಾಗಿ ರೆಕ್ಕೆಗೊಂದರಂತೆ 16 ರಾಕೆಟ್ಟುಗಳ ಗೂಡನ್ನು ತೂಗಿಸಬಹುದು. ಬೆಳ್ಳಿಯ ಮೈಯ ವಿಮಾನಕ್ಕಾದರೆ ಎರಡು ಕೆ-13 ಕ್ಷಿಪಣಿ, ಹೊಟ್ಟೆಯಡಿ ಒಂದು ಇಂಧನದ ಟ್ಯಾಂಕು. ಎಫ್‌ಎಲ್ ವಿಮಾನದ ಒಡಲಿನಲ್ಲಿ ಫಿರಂಗಿ ಇರಲಿಲ್ಲ. ಬೇಕೆಂದರೆ ಟ್ಯಾಂಕಿನ ಜಾಗದಲ್ಲಿ ಜಿಪಿ-9 ಎಂಬ ಫಿರಂಗಿಯ ಗೂಡು ಕಟ್ಟುತ್ತಿದ್ದರು. ಎರಡನ್ನೂ ಒಟ್ಟಿಗೆ ಅಂಟಿಸಿದ ಮಾದರಿ ತಪ್ಪು. ಗಾಲಿಯ ಲೋಹದ ಭಾಗ ಎಲೆಹಸಿರು, ಟೈರು ಕಪ್ಪಿಗಿಂತ ತುಸು ತಿಳಿ.

ಚಕ್ರದ ಗುರುತು, ಬಾಲದ ಪಟ್ಟಿ

ಗುರುತುಗಳು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಹಾಳೆಯಾಗಿ ಬರುತ್ತವೆ. ಪೆಟ್ಟಿಗೆಯಲ್ಲಿ ಭಾರತದ ಗುರುತುಗಳಿಲ್ಲದಿದ್ದರೆ ಬೇರೆಯಾಗಿ ತರಿಸಬೇಕು. ವಾಯುಪಡೆಯ ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಎಫ್‌ಎಲ್ ವಿಮಾನಗಳ ಕ್ರಮಾಂಕ ‘ಸಿ’ ಅಕ್ಷರದಿಂದ ಆರಂಭವಾಗುತ್ತದೆ. ಹಾಳೆ ಕೈಗೆ ಬಂದ ಕೂಡಲೇ ಮೂರೂ ವೃತ್ತಗಳ ಕೇಂದ್ರ ಒಂದೇ ಇದೆಯೇ, ಕೇಸರಿ ಕಿತ್ತಳೆಗೆ ತಿರುಗಿಲ್ಲವೇ ಎಂದು ನೋಡಬೇಕು. ರಾಷ್ಟ್ರಧ್ವಜ ಸಿದ್ಧವಾಗುವ ಬೆಂಗೇರಿ ನಮ್ಮ ಮಗ್ಗುಲಲ್ಲೇ ಇರುವುದರಿಂದ ಈ ಭಾಗದವರ ಕಣ್ಣು ಕೇಸರಿಯ ವಿಷಯದಲ್ಲಿ ಸುಲಭಕ್ಕೆ ಒಪ್ಪುವುದಿಲ್ಲ.

ಹಸಿರು ಬಳಿದ ಮಂದ ಮೈಯ ಮೇಲೆ ಡೆಕಾಲ್ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಮೊದಲು ಹೊಳಪಿನ ವಾರ್ನಿಶ್ ಹಾಕಿಕೊಳ್ಳಬೇಕು. ಬೆಳ್ಳಿಯ ಮೈಗೆ ಅದು ಬೇಕಿಲ್ಲ. ಬೋರ್‌ವೆಲ್ಲಿನ ನೀರು ಬಳಸಿದರೆ ಆರಿದ ಮೇಲೆ ಗುರುತಿನ ಸುತ್ತ ಉಪ್ಪಿನ ಕಲೆ ಉಳಿಯುತ್ತದೆ, ಬೆಳ್ಳಿಯ ಮೇಲಂತೂ ಢಾಳಾಗಿ. ಫಿಲ್ಟರಿನ ನೀರು ಬೇಕು. ಚೂರನ್ನು ಅರ್ಧ ನಿಮಿಷ ನೆನೆಸಿ, ಕಾಗದದಿಂದ ನೇರವಾಗಿ ಮೈಮೇಲೆ ಜಾರಿಸಿ, ಒದ್ದೆ ಕುಂಚದಿಂದ ಸ್ಥಳಕ್ಕೆ ತಂದು, ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ ನೀರು ತೆಗೆಯಬೇಕು. ತಗಡಿನ ಗೆರೆಯೊಳಗೆ ಕೂರದಿದ್ದರೆ ಡೆಕಾಲ್ ಮೆತ್ತಗಾಗಿಸುವ ದ್ರವ ಅಥವಾ ಅದಿಲ್ಲದಿದ್ದರೆ ಅಡುಗೆಮನೆಯ ಬಿಳಿ ವಿನೆಗರನ್ನು ಒಂದು ಹನಿ ಸವರಬಹುದು. ಆಗ ಡೆಕಾಲ್ ಸುಕ್ಕಾಗುತ್ತದೆ. ಗಾಬರಿಯಾಗಿ ಮುಟ್ಟಬಾರದು, ಆರುವಾಗ ತಾನೇ ಬಿಗಿದುಕೊಳ್ಳುತ್ತದೆ.

ಪಿಟೋ ಕೊಳವೆ

ಮೂಗಿನ ಮೇಲೆ ಮುಂದಕ್ಕೆ ಚಾಚಿರುವ, ವೇಗವನ್ನು ಅಳೆಯುವ ಪಿಟೋ ಕೊಳವೆ ಪ್ಲಾಸ್ಟಿಕ್ಕಿನಲ್ಲಿ ಉಳಿಯುವುದೇ ಇಲ್ಲ. ಅಂಗಿಯ ತೋಳು ತಾಗಿದರೂ ಅದು ಮುರಿಯುತ್ತದೆ, ಒಮ್ಮೆ ಮುರಿದದ್ದನ್ನು ಅಂಟಿಸಿದರೆ ಅಲ್ಲಿಯೇ ಮತ್ತೆ ಮುರಿಯುತ್ತದೆ. ಒಡಲನ್ನು ಕೂಡಿಸಿದ ದಿನವೇ ಅದರ ಬುಡವನ್ನು ಕತ್ತರಿಸಿ, ಆ ಜಾಗದಲ್ಲಿ ಸಣ್ಣ ಕೈಡ್ರಿಲ್ಲಿನಿಂದ ನಾಲ್ಕೈದು ಮಿಲಿಮೀಟರ್ ಆಳದ ರಂಧ್ರ ಕೊರೆದಿಡಬೇಕು. 24 ಗೇಜಿನ ಸೂಜಿಯನ್ನು ಬ್ಲೇಡಿನಡಿ ಉರುಳಿಸಿ ಗೆರೆ ಬೀಳಿಸಿ, ಚಿಮಟದಿಂದ ಮುರಿದು, ತುದಿಯನ್ನು ಅರದಿಂದ ಸಮ ಮಾಡಿಕೊಳ್ಳಬೇಕು. ಅದರೊಳಗೆ ಇನ್ಸುಲಿನ್ ಸೂಜಿ ಸರಿಯಾಗಿ ಕೂರುತ್ತದೆ. ಅದರ ಮೊನೆಯನ್ನು ಕತ್ತರಿಸಿ, ದಪ್ಪ ಕೊಳವೆಯಿಂದ ತೆಳು ಕೊಳವೆ ಹೊರಟಂತೆ ಕಾಣುವಷ್ಟು ಹೊರಗೆ ಬಿಟ್ಟು ಸೈನೊ ಅಂಟಿನ ಒಂದು ಹನಿಯಿಂದ ಕೂಡಿಸಬೇಕು. ಸೂಜಿ ಉಕ್ಕಿನದೇ ಆದ್ದರಿಂದ ಬಣ್ಣದ ಅಗತ್ಯವಿಲ್ಲ. ಕತ್ತರಿಸುವಾಗ ಚೂರು ಹಾರುತ್ತದೆ. ಕನ್ನಡಕ ಹಾಕಿಕೊಳ್ಳಬೇಕು, ಉಳಿದ ಮೊನೆಗಳನ್ನು ಮುಚ್ಚಳವಿರುವ ಶೀಷೆಯಲ್ಲಿ ಹಾಕಬೇಕು.

ಈ ಕೊಳವೆಯನ್ನು ಒಡಲಿಗೆ ಅಂಟಿಸಬಾರದು. ರಂಧ್ರದಲ್ಲಿ ಬಿಗಿಯಾಗಿ ಕೂರುವಂತಿದ್ದರೆ ಸಾಕು, ಬೇಕಾದಾಗ ಎಳೆದು ತೆಗೆಯಬಹುದು. ಧಾರವಾಡದಿಂದ ಹುಬ್ಬಳ್ಳಿಗೆ ಗೆಳೆಯರಿಗೆ ತೋರಿಸಲು ಮಾದರಿಯನ್ನು ಚಿಗರಿ ಬಸ್ಸಿನಲ್ಲಿ ಒಯ್ಯುವಾಗ ನಾನು ಸ್ಟೀಲಿನ ಡಬ್ಬಿಯಲ್ಲಿ ಸ್ಪಂಜು ಹಾಸಿ, ಅದರಲ್ಲಿ ಒಡಲಿನ ಆಕಾರ ಕತ್ತರಿಸಿ ವಿಮಾನವನ್ನು ಮಲಗಿಸುತ್ತೇನೆ. ಪಿಟೋ ಕೊಳವೆ ಮಾತ್ರ ಇನ್ಸುಲಿನ್ ಸೂಜಿಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳದೊಳಗೆ, ಅಂಗಿಯ ಜೇಬಿನಲ್ಲಿ ಬರುತ್ತದೆ.